ಸಾವು ಮಸ್ಕತ್ತಿನಲ್ಲಿ, ಕ್ಲೈಮು ಮಡಿಕೇರಿಯಲ್ಲಿ

ನೆಲ್ಲಿಹುದಿಕೇರಿಯಿಂದ ಬಂದಿದ್ದ ಅಕ್ಕ ಒಬ್ಬರು ತೀರಿಹೋದ ಗಂಡನ ಕಾಗದಗಳನ್ನೆಲ್ಲ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ತಂದಿದ್ದರು. ಒಂದೊಂದಾಗಿ ಮೇಜಿನ ಮೇಲೆ ಇಟ್ಟರು. ಮೂಲೆ ಕತ್ತರಿಸಿ ರದ್ದು ಮಾಡಿದ ಪಾಸ್‌ಪೋರ್ಟ್. ವಿಮಾನದ ಕಾರ್ಗೋ ರಸೀತಿ. ಶವ ಕೆಡದಂತೆ ಎಂಬಾಮಿಂಗ್ ಮಾಡಿದ ಸರ್ಟಿಫಿಕೇಟ್. ಅರಬ್ಬಿಯಲ್ಲಿರುವ ಒಂದು ಹಾಳೆ, ಅದರ ಅಡಿಯಲ್ಲಿ ನೀಲಿ ಮೊಹರು. ಕೊನೆಗೆ ವಿಮಾ ಬಾಂಡು. ಹಾಳಾಗಬಾರದೆಂದು ಗಂಡನೇ ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದನಂತೆ.

ಗಂಡ ಮಸ್ಕತ್ತಿನಲ್ಲಿ ಡ್ರೈವರ್. ರಾತ್ರಿ ಊಟ ಮಾಡಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಆರನೇ ದಿನ ಕಣ್ಣೂರು ವಿಮಾನ ನಿಲ್ದಾಣಕ್ಕೆ ಪೆಟ್ಟಿಗೆ ಬಂತು. ಮಾಕುಟ್ಟ ಘಾಟಿ ಹತ್ತಿ ಊರಿಗೆ ತಂದು ದಫನ ಮಾಡಿದರು. ಗಂಡ ತೀರಿದ ಮೇಲೆ ಹೆಂಡತಿ ಮನೆಯಲ್ಲೇ ಇರುವ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಕಳೆದ ಮೇಲೆ ಅಕ್ಕ ಮನೆಯಿಂದ ಹೊರಟಿದ್ದು ಇದೇ ಮೊದಲು.

"ಪಂಚಾಯಿತಿಯಲ್ಲಿ ಡೆತ್ ಸರ್ಟಿಫಿಕೇಟ್ ಕೊಡಲ್ಲ ಅಂತಾರೆ ಸರ್. ಮಯ್ಯತ್ ಇಲ್ಲೇ ದಫನ ಆಗಿರೋದಲ್ವಾ?"

ಇಪ್ಪತ್ತು ವರ್ಷ ವಿಮಾ ಏಜೆಂಟನಾಗಿದ್ದ ನನಗೆ ಈ ಪ್ರಶ್ನೆ ಹೊಸದಲ್ಲ. ಸಿದ್ದಾಪುರ, ನಾಪೋಕ್ಲು, ಸುಂಟಿಕೊಪ್ಪ, ಅಮ್ಮತ್ತಿ, ವಿರಾಜಪೇಟೆ ಎಲ್ಲ ಕಡೆಯಿಂದಲೂ ಗಲ್ಫಿಗೆ ಹೋದವರಿದ್ದಾರೆ. ಹಡಗಿನಲ್ಲಿ, ಆಸ್ಪತ್ರೆಯಲ್ಲಿ, ಹೋಟೆಲಿನಲ್ಲಿ ಕೆಲಸ ಹಿಡಿದು ಇನ್ನೂ ದೂರ ಹೋದ ಕೊಡವರ, ಗೌಡರ ಮನೆಯ ಹುಡುಗರೂ ಇದ್ದಾರೆ. ಅಲ್ಲಿ ಸಾವಾದರೆ ಇಲ್ಲಿನ ಹೆಂಡತಿಗೆ ವಿಮೆಯ ದುಡ್ಡು ಯಾಕೆ ಇಷ್ಟು ತಡವಾಗುತ್ತದೆ? ಕಂಪನಿಗಳು ದುಡ್ಡು ಕೊಡದಿರಲು ನೆಪ ಹುಡುಕುತ್ತವೆ ಎಂದು ಊರಿನಲ್ಲಿ ಮಾತು. ಅದು ಪೂರ್ತಿ ಸುಳ್ಳಲ್ಲ. ಆದರೆ ನಾನು ಕಂಡ ಹೆಚ್ಚಿನ ಕ್ಲೈಮುಗಳು ಕೆಟ್ಟಿದ್ದು ಕಂಪನಿಯ ಮೇಜಿನ ಮೇಲಲ್ಲ, ಸಾವಾದ ಮೊದಲ ವಾರದಲ್ಲಿ. ಎಲ್ಲರ ಗಮನ ಬಾಡಿ ಯಾವಾಗ ಬರುತ್ತದೆ ಎಂಬುದರ ಮೇಲೇ ಇರುವಾಗ.

ಮೊದಲು ಪಂಚಾಯಿತಿಯ ವಿಷಯ. ಸಾವು ಎಲ್ಲಿ ನಡೆಯಿತೋ ಅಲ್ಲೇ ಅದರ ನೋಂದಣಿ. ದಫನವೋ ದಹನವೋ ಆದ ಜಾಗ ಲೆಕ್ಕಕ್ಕಿಲ್ಲ. ಹೊರದೇಶದಲ್ಲಿ ತೀರಿಹೋದ ಭಾರತೀಯ ಪ್ರಜೆಯ ಮರಣವನ್ನು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು. 1969ರ ಜನನ ಮರಣ ನೋಂದಣಿ ಕಾಯ್ದೆಯ 20ನೇ ಕಲಂ ಪ್ರಕಾರ ಆ ನೋಂದಣಿ ನಮ್ಮ ದೇಶದಲ್ಲೇ ಆದದ್ದಕ್ಕೆ ಸಮ. ಹಾಗಾಗಿ ಪಂಚಾಯಿತಿಯವರು ಕೊಡುವುದಿಲ್ಲ ಎಂದದ್ದು ಸರಿಯೇ ಇತ್ತು. ಎಲ್ಲಿಗೆ ಹೋಗಬೇಕೆಂದು ಹೇಳದೆ ಕಳಿಸಿದ್ದು ಮಾತ್ರ ಸರಿಯಿಲ್ಲ.

ಇಲ್ಲೊಂದು ಅಪಾಯವಿದೆ. ಪರಿಚಯದವರು ಯಾರಾದರೂ "ಮನೆಯಲ್ಲೇ ತೀರಿಹೋದರು ಅಂತ ಬರೆಸಿಬಿಡೋಣ, ಸುಲಭ" ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಅನ್ನುತ್ತಾರೆ. ಆದರೆ ಪಾಸ್‌ಪೋರ್ಟಿನಲ್ಲಿ ಊರಿಗೆ ಬಂದ ಮೊಹರಿಲ್ಲ, ವಿಮಾನದ ಕಾರ್ಗೋ ಕಾಗದದಲ್ಲಿ ಹೆಸರಿದೆ, ಕಂಪನಿಯ ತನಿಖೆಗಾರ ಅರ್ಧ ದಿನದಲ್ಲಿ ಇದನ್ನು ಹಿಡಿಯುತ್ತಾನೆ. ನಿಜವಾದ ಸಾವಿಗೆ ಸುಳ್ಳು ಕಾಗದ ಸೇರಿತೆಂದರೆ ಇಡೀ ಕ್ಲೈಮಿನ ಮೇಲೆ ಅನುಮಾನ ಬೀಳುತ್ತದೆ, ಸುಳ್ಳು ದಾಖಲೆಯ ಕೇಸು ಬೇರೆ.

ಹಾಗಾದರೆ ಬೇಕಾದದ್ದೇನು? ಅಲ್ಲಿನ ಸರ್ಕಾರ ಕೊಟ್ಟ ಮರಣ ಪತ್ರ, ಅರಬ್ಬಿಯಲ್ಲಿ ಮಾತ್ರ ಇದ್ದರೆ ಅಧಿಕೃತ ಅನುವಾದಕರಿಂದ ಮಾಡಿಸಿದ ಇಂಗ್ಲಿಷ್ ಅನುವಾದ, ಅದರ ಮೇಲೆ ದೃಢೀಕರಣ. ದೃಢೀಕರಣ ಹೇಗೆ ಎಂಬುದು ದೇಶದ ಮೇಲೆ ಹೋಗುತ್ತದೆ. ಒಂದು ದೇಶದ ಕಾಗದವನ್ನು ಇನ್ನೊಂದು ದೇಶ ಒಂದೇ ಮೊಹರಿನ ಮೇಲೆ ಒಪ್ಪುವ ಅಪೋಸ್ಟಿಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿತು. ಒಮಾನ್ 2012ರಲ್ಲಿ ಬಂತು, ಸೌದಿ ಅರೇಬಿಯಾದಲ್ಲಿ 2022ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಈ ದೇಶಗಳ ವಿದೇಶಾಂಗ ಸಚಿವಾಲಯ ಅಪೋಸ್ಟಿಲ್ ಹಾಕಿದರೆ ಕಾನೂನಿನ ಪ್ರಕಾರ ಸಾಕು. ಒಪ್ಪಂದದಲ್ಲಿಲ್ಲದ ದೇಶವಾದರೆ ಮೊದಲು ಅಲ್ಲಿನ ಸಚಿವಾಲಯ, ಆಮೇಲೆ ನಮ್ಮ ರಾಯಭಾರ ಕಚೇರಿ. ಆದರೆ ಕಾನೂನಿಗೆ ಸಾಕಾದದ್ದು ಕೌಂಟರಿಗೆ ಸಾಕಾಗಬೇಕೆಂದಿಲ್ಲ. ಅಪೋಸ್ಟಿಲ್ ಅಂದರೇನೆಂದೇ ಗೊತ್ತಿಲ್ಲದ ಶಾಖೆಗಳಿವೆ, "ಎಂಬೆಸಿ ಸೀಲ್ ಎಲ್ಲಿ?" ಎಂದೇ ಕೇಳುತ್ತಾರೆ. ಅದಕ್ಕೇ ನಾನು ಹೇಳುವುದು, ಅಲ್ಲಿ ಓಡಾಡುವವರು ಇರುವಾಗಲೇ ಎರಡನ್ನೂ ಮಾಡಿಸಿಬಿಡಿ.

ಅಲ್ಲಿ ಓಡಾಡುವವರು ಯಾರು? ಕೆಲಸ ಕೊಟ್ಟ ಕಂಪನಿಯ ಮಂದೂಬ್ (ಸರ್ಕಾರಿ ಕಚೇರಿಗಳಿಗೆ ಓಡಾಡುವವನು), ಇಲ್ಲವೇ ರೂಮಿನಲ್ಲಿ ಜೊತೆಗಿದ್ದವರು, ಇಲ್ಲವೇ ಊರಿನವರ ಸಂಘದವರು. ಆಸ್ಪತ್ರೆಯ ಕಾಗದ, ಪೊಲೀಸರ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ), ರಾಯಭಾರ ಕಚೇರಿಯ ಎನ್‌ಒಸಿ, ಪಾಸ್‌ಪೋರ್ಟ್ ರದ್ದತಿ, ಎಂಬಾಮಿಂಗ್, ಕಾರ್ಗೋ ಬುಕಿಂಗ್, ಇಷ್ಟನ್ನೂ ತಮ್ಮ ಡ್ಯೂಟಿಯ ನಡುವೆ ಮಾಡುತ್ತಾರೆ. ಪುಣ್ಯಾತ್ಮರು. ಬಾಡಿ ವಿಮಾನ ಹತ್ತಿತೆಂದರೆ ಅವರ ಕೆಲಸವೂ ಮುಗಿಯಿತು. ಆದರೆ ಬಾಡಿ ಕಳಿಸಲು ಬೇಕಾದ ಕಾಗದಗಳೇ ಬೇರೆ, ಕ್ಲೈಮಿಗೆ ಬೇಕಾದವುಗಳೇ ಬೇರೆ. ಮರಣ ಪತ್ರದ ದೃಢೀಕೃತ ಪ್ರತಿ ಒಂದಲ್ಲ, ಮೂರು ನಾಲ್ಕು ಬೇಕು. ಆಸ್ಪತ್ರೆಗೆ ಹೋಗಿದ್ದರೆ ಅಲ್ಲಿನ ಕೇಸ್ ಶೀಟಿನ ನಕಲು ಬೇಕು. ಅಪಘಾತವಾಗಿದ್ದರೆ ಪೊಲೀಸ್ ವರದಿ ಬೇಕು. ಕೆಲಸ ಕೊಟ್ಟ ಕಂಪನಿಯಿಂದ ಕೊನೆಯ ಕೆಲಸದ ದಿನ, ರಜೆಯ ವಿವರ ಇರುವ ಪತ್ರ ಬೇಕು. ಆರು ತಿಂಗಳ ನಂತರ ಇದನ್ನೆಲ್ಲ ತರಿಸಬೇಕಾದರೆ ಹೆಂಡತಿ ಮಾಡಿಕೊಟ್ಟ ಪವರ್ ಆಫ್ ಅಟಾರ್ನಿ ಬೇಕು, ಅದಕ್ಕೆ ಇಲ್ಲಿ ನೋಟರಿ, ಅದರ ಮೇಲೆ ಸರ್ಕಾರದ ದೃಢೀಕರಣ. ಅಷ್ಟರಲ್ಲಿ ಆ ರೂಮ್‌ಮೇಟ್ ವೀಸಾ ಮುಗಿದು ಊರಿಗೆ ಬಂದಿರುತ್ತಾನೆ.

ಅಲ್ಲೇ ಮಣ್ಣು ಮಾಡಿದ ಪ್ರಕರಣಗಳಲ್ಲಿ ಕಷ್ಟ ಇನ್ನೂ ಒಂದು ಹೆಜ್ಜೆ ಮುಂದೆ. ಸೌದಿಯಲ್ಲಿ ಇದು ಅಪರೂಪವೇನಲ್ಲ, ಮನೆಯವರು ಒಪ್ಪಿಗೆ ಪತ್ರ ಕಳಿಸುತ್ತಾರೆ, ದಫನ ಅಲ್ಲೇ ಆಗುತ್ತದೆ. ಎಲ್‌ಐಸಿಯ ನಮೂನೆಗಳಲ್ಲಿ 3785 ಎಂಬುದೊಂದಿದೆ. ಸತ್ತವರ ಗುರುತು ಹಿಡಿದು, ಅಂತ್ಯಸಂಸ್ಕಾರ ಕಂಡವರು ಸಹಿ ಮಾಡುವ ಕಾಗದ. ಬಾಡಿ ಊರಿಗೆ ತಂದಿದ್ದರೆ ಅದಕ್ಕೆ ಮಸೀದಿಯವರೋ ಪಕ್ಕದ ಮನೆಯವರೋ ಸಹಿ ಮಾಡಬಹುದು. ಅಲ್ಲೇ ಮಣ್ಣಾದರೆ ಅಲ್ಲಿದ್ದವರೇ ಮಾಡಬೇಕು.

ಇನ್ನು ಹೆಸರಿನ ವಿಷಯ. ಇದನ್ನು ನಾನು ಸ್ವಲ್ಪ ಎಳೆದೇ ಹೇಳುತ್ತೇನೆ, ಕೊಡಗಿನಲ್ಲಿ ಇದರಷ್ಟು ತಲೆ ತಿಂದ ವಿಷಯ ಬೇರೆ ಇಲ್ಲ. ಕೊಡವರಿಗೆ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಕೊನೆಗೆ. ಶಾಲೆಯ ದಾಖಲೆಯಲ್ಲಿ ಅದು ಎರಡು ಇನಿಶಿಯಲ್ ಆಗಿರುತ್ತದೆ. ಪಾಸ್‌ಪೋರ್ಟಿಗೆ ಇನಿಶಿಯಲ್ ಆಗುವುದಿಲ್ಲವೆಂದು ಮನೆತನದ ಹೆಸರು, ಅಪ್ಪನ ಹೆಸರು ಎರಡೂ ಬಿಚ್ಚಿ ಬರೆದಿರುತ್ತಾರೆ. ಬಾಂಡಿನಲ್ಲಿ ಏಜೆಂಟ್ ಬರೆದದ್ದು ಮೂರನೆಯದು. ಕಾರ್ಯಪ್ಪ ಎಂದರೆ ಇಂಗ್ಲಿಷಿನಲ್ಲಿ ಒಂದು ಕಡೆ ಸಿ, ಇನ್ನೊಂದು ಕಡೆ ಕೆ. ಬೋಪಯ್ಯನ ಕೊನೆಯಲ್ಲಿ ಒಮ್ಮೆ ಎಚ್ ಇರುತ್ತದೆ, ಒಮ್ಮೆ ಇರುವುದಿಲ್ಲ. ಮುಸ್ಲಿಮರ ಹೆಸರು ಗಲ್ಫಿಗೆ ಹೋಗಿ ಅರಬ್ಬಿಗೆ ತಿರುಗಿ, ಮತ್ತೆ ಇಂಗ್ಲಿಷಿಗೆ ಬರುವಾಗ ಮೊಹಮ್ಮದ್ ಎಂಬ ಒಂದೇ ಹೆಸರಿಗೆ ಮೂರು ಕಾಗುಣಿತ. ಹೆಂಡತಿಯದ್ದೂ ಅಷ್ಟೇ. ಆಧಾರಿನಲ್ಲಿ ತವರಿನ ಮನೆತನ, ಗಂಡನ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಗಂಡನ ಮನೆತನ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬರೀ ಹೆಸರು.

ಮೂರೂ ಹೆಸರು ಒಬ್ಬನೇ ವ್ಯಕ್ತಿಯದ್ದೆಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿ ಬಿಡಿಸಿಕೊಳ್ಳಬಹುದಾದ ಗಂಟಿದು, ಭಯ ಬೀಳಬೇಕಿಲ್ಲ. ಆದರೆ ರಾಯಭಾರ ಕಚೇರಿಯ ಪತ್ರದಲ್ಲಿ ಹೆಸರು ಪಾಸ್‌ಪೋರ್ಟಿನಂತೆಯೇ, ಪಾಸ್‌ಪೋರ್ಟ್ ಸಂಖ್ಯೆಯೊಂದಿಗೆ ಬರುವಂತೆ ನೋಡಿಕೊಳ್ಳಿ. ಸಂಖ್ಯೆ ಒಂದಿದ್ದರೆ ಕಾಗುಣಿತದ ಜಗಳ ಅರ್ಧ ಮುಗಿದಂತೆ. ಮತ್ತೆ, ರದ್ದಾದ ಪಾಸ್‌ಪೋರ್ಟನ್ನು ಇನ್ನೇನು ಕೆಲಸಕ್ಕೆ ಬರುತ್ತದೆಂದು ಬಿಸಾಡಬೇಡಿ. ಬಿಸಾಡಿದವರನ್ನು ಕಂಡಿದ್ದೇನೆ.

ಕಂಪನಿ ಕೇಳುವ ದೊಡ್ಡ ಪ್ರಶ್ನೆ ಬೇರೆಯೇ ಇದೆ: ಪಾಲಿಸಿಗೆ ಮೂರು ವರ್ಷ ಆಯಿತೇ? 1938ರ ವಿಮಾ ಕಾಯ್ದೆಯ 45ನೇ ಕಲಮನ್ನು 2015ರಲ್ಲಿ ತಿದ್ದಿದ ಮೇಲೆ, ಮೂರು ವರ್ಷ ದಾಟಿದ ಪಾಲಿಸಿಯನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಮೂರು ವರ್ಷದೊಳಗೆ ಸಾವಾದರೆ ಕಂಪನಿ ಹಳೆಯ ಕಾಯಿಲೆ ಮುಚ್ಚಿಟ್ಟಿದ್ದರೇ ಎಂದು ಕೆದಕುತ್ತದೆ. ತನಿಖೆಗಾರ ಊರಿಗೇ ಬಂದು ಟೀ ಅಂಗಡಿಯಲ್ಲಿ ಕೂತು "ಅವರಿಗೆ ಶುಗರ್ ಇತ್ತಲ್ವಾ?" ಎಂದು ಮಾತು ತೆಗೆಯುತ್ತಾನೆ.

ನಮ್ಮವರು ಸಿಕ್ಕಿಬೀಳುವುದು ಈ ಮೂರು ವರ್ಷ ಎಲ್ಲಿಂದ ಶುರು ಎಂಬಲ್ಲಿ. ಪಾಲಿಸಿ ಕೊಟ್ಟ ದಿನ, ರಿಸ್ಕ್ ಆರಂಭದ ಅಂದರೆ ವಿಮೆಯ ರಕ್ಷಣೆ ಶುರುವಾದ ದಿನ, ಪಾಲಿಸಿಗೆ ಮರುಜೀವ ಕೊಟ್ಟ ದಿನ, ರೈಡರ್ ಎಂಬ ಹೆಚ್ಚುವರಿ ರಕ್ಷಣೆ ಸೇರಿಸಿದ ದಿನ, ಇವುಗಳಲ್ಲಿ ಯಾವುದು ಕೊನೆಯದೋ ಅಲ್ಲಿಂದ. ಗಲ್ಫಿಗೆ ಹೋದವನ ಪಾಲಿಸಿ ಪ್ರೀಮಿಯಂ ಕಟ್ಟದೆ ಲ್ಯಾಪ್ಸ್ ಆಗುವುದು ಮಾಮೂಲು. ಮೊದಲು ಮನೆಗೆ ಬಂದು ಪ್ರೀಮಿಯಂ ವಸೂಲಿ ಮಾಡುತ್ತಿದ್ದ ಏಜೆಂಟ್ ಬರುವುದು ನಿಲ್ಲಿಸಿರುತ್ತಾನೆ, ಬ್ಯಾಂಕ್ ಖಾತೆಯಲ್ಲಿ ದುಡ್ಡಿರುವುದಿಲ್ಲ. ಎರಡು ತಿಂಗಳ ರಜೆಗೆ ಬಂದಾಗ ಬಾಕಿಯನ್ನೆಲ್ಲ ಒಟ್ಟಿಗೆ ಕಟ್ಟಿ ರಿವೈವಲ್ ಮಾಡಿಸುತ್ತಾನೆ. ಅದರ ಜೊತೆ ಆರೋಗ್ಯ ಚೆನ್ನಾಗಿದೆಯೆಂಬ ಫಾರ್ಮಿಗೆ ಸಹಿ. ಓದುವವರು ಯಾರು? ನಾನೇ ಎಷ್ಟೋ ಜನರ ಕೈಯಲ್ಲಿ "ಇಲ್ಲೊಂದು ಸೈನ್ ಹಾಕಿ" ಎಂದು ಹಾಕಿಸಿದ್ದೇನೆ. ಅವನು ಅಲ್ಲಿ ಬಿಪಿ ಮಾತ್ರೆ ತಿನ್ನುತ್ತಿದ್ದರೆ ಆ ಸಹಿ ಸುಳ್ಳಾಯಿತು. ಹತ್ತು ವರ್ಷದ ಹಳೆಯ ಪಾಲಿಸಿಗೆ ಮೂರು ವರ್ಷದ ಲೆಕ್ಕ ಆ ದಿನದಿಂದ ಹೊಸದಾಗಿ ಶುರುವಾಗುತ್ತದೆ. ಮೋಸವಲ್ಲ, ತಪ್ಪು ಮಾಹಿತಿ ಮಾತ್ರ ಎಂಬ ಕಾರಣಕ್ಕೆ ಕ್ಲೈಮ್ ತಿರಸ್ಕರಿಸಿದರೂ ಕಟ್ಟಿದ ಪ್ರೀಮಿಯಂ 90 ದಿನದಲ್ಲಿ ಹಿಂದಿರುಗಿಸಬೇಕೆಂದು ಅದೇ ಕಲಂ ಹೇಳುತ್ತದೆ. ಇದನ್ನು ಕೇಳಿ ಪಡೆಯಬೇಕು.

ಜನ ಭಯಪಡುವ ಇನ್ನೊಂದು ವಿಷಯ ಮಾತ್ರ ಅಷ್ಟೇನೂ ಭಯದ್ದಲ್ಲ. ಹೊರದೇಶದಲ್ಲಿ ಸತ್ತರೆ ವಿಮೆ ಬರುವುದಿಲ್ಲ ಎಂಬ ನಂಬಿಕೆ. ಸಾಮಾನ್ಯ ಜೀವವಿಮೆಗೆ ಸಾವು ಯಾವ ದೇಶದಲ್ಲಾಯಿತು ಎಂಬುದು ಅಡ್ಡಿಯಲ್ಲ. ಪ್ರಪೋಸಲ್ ತುಂಬಿಸುವಾಗ ಕೆಲಸ, ವಾಸ ಎಲ್ಲಿ ಎಂದು ಕೇಳಿದ್ದಕ್ಕೆ ನಿಜ ಹೇಳಿದ್ದರೆ ಆಯಿತು.

ಇನ್ನು ನಾಮಿನಿ. ಮದುವೆಗೆ ಮುಂಚೆ ಮಾಡಿಸಿದ ಪಾಲಿಸಿಯಲ್ಲಿ ನಾಮಿನಿ ಅಮ್ಮ. ಮದುವೆಯಾಗಿ, ಮಗುವಾಗಿ, ವಿಮಾನ ಹತ್ತಿ ಹೋದರೂ ಬದಲಾಯಿಸಿಲ್ಲ. ಹನ್ನೊಂದನೇ ದಿನದ ಮಾದ (ಕೊಡವರ ತಿಥಿ) ಮುಗಿಯುವ ಮೊದಲೇ ಅತ್ತೆ ಸೊಸೆಯ ನಡುವೆ ಮಾತು ನಿಂತ ಮನೆಗಳನ್ನು ನೋಡಿದ್ದೇನೆ. ಕಂಪನಿ ದುಡ್ಡು ಕೊಡುವುದು ನಾಮಿನಿಗೇ. ಆದರೆ ದುಡ್ಡು ಯಾರದ್ದು? ನಾಮಿನಿ ಬರೀ ಪಡೆದುಕೊಳ್ಳುವವರು, ಹಕ್ಕು ವಾರಸುದಾರರದ್ದು ಎಂದು ಸುಪ್ರೀಂ ಕೋರ್ಟ್ 1983ರಲ್ಲೇ ಹೇಳಿತ್ತು. 2015ರ ತಿದ್ದುಪಡಿ ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಅವರಿಗೇ ಅದರ ಲಾಭ ಎಂದು ಬರೆಯಿತು. ಅಲ್ಲಿಂದ ಗೊಂದಲ. 2025ರಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಇಂಥದ್ದೇ ಕೇಸು ಬಂತು: ಮದುವೆಗೆ ಮುಂಚೆ ತಾಯಿಯನ್ನು ನಾಮಿನಿ ಮಾಡಿದ್ದ ಮಗ, ನಂತರ ಹೆಂಡತಿ ಮತ್ತು ಮಗು. ವಾರಸುದಾರರು ತಕರಾರು ಎತ್ತಿದರೆ ನಾಮಿನಿಯ ಹಕ್ಕು ಉತ್ತರಾಧಿಕಾರ ಕಾನೂನಿಗೆ ಮಣಿಯಬೇಕು ಎಂದ ಕೋರ್ಟು ತಾಯಿಗೆ, ಹೆಂಡತಿಗೆ, ಮಗುವಿಗೆ ಮೂರರಲ್ಲಿ ಒಂದೊಂದು ಪಾಲನ್ನು ಎತ್ತಿಹಿಡಿಯಿತು. ಅದು ಹಿಂದೂ ಉತ್ತರಾಧಿಕಾರ ಕಾಯ್ದೆಯ ಲೆಕ್ಕ, ಕೊಡವರಿಗೂ ಗೌಡರಿಗೂ ಅದೇ. ಮುಸ್ಲಿಮರಲ್ಲಿ ಪಾಲಿನ ಲೆಕ್ಕ ಬೇರೆ.

ನನ್ನ ಮಟ್ಟಿಗೆ ಆ ತೀರ್ಪು ನ್ಯಾಯವಾದದ್ದು. ಅತ್ತೆಯೂ ಮಗನನ್ನು ಕಳೆದುಕೊಂಡವಳೇ. ಆದರೆ ಕೋರ್ಟಿನಿಂದ ಆ ಮೂರನೇ ಒಂದು ಕೈಗೆ ಬರಲು ಎಷ್ಟು ವರ್ಷ? ಇಬ್ಬರೂ ಕೂತು ಮಾತಾಡಿ ಒಪ್ಪಿಗೆ ಪತ್ರ ಬರೆದರೆ ಒಂದು ಮಧ್ಯಾಹ್ನದ ಕೆಲಸ. ಒಕ್ಕದ ಅಂದರೆ ಕೊಡವ ಮನೆತನದ ಹಿರಿಯರು ಇಂಥ ಕಡೆ ನಡುವೆ ಬರಬಹುದು, ಬರಬೇಕು ಕೂಡ. ಒಂದನ್ನು ಮಾತ್ರ ಅವರು ನೆನಪಿಟ್ಟುಕೊಳ್ಳಬೇಕು, ವಿಮೆಯ ದುಡ್ಡು ಮನೆತನಕ್ಕೆಲ್ಲ ಸೇರಿದ ಜಮ್ಮಾ ಜಾಗವಲ್ಲ, ಒಕ್ಕಕ್ಕೆ ಸೇರುವುದಿಲ್ಲ. ತೋಟದ ಸಾಲಕ್ಕೆ ಪಾಲಿಸಿಯನ್ನು ಬ್ಯಾಂಕಿಗೆ ಬರೆದುಕೊಟ್ಟಿದ್ದರೆ ಮಾತ್ರ ಬ್ಯಾಂಕಿನ ಬಾಕಿ ಮೊದಲು. ಸಾಲಗಾರರ ಕೈಗೆ ಸಿಗದಂತೆ ಹೆಂಡತಿ ಮಕ್ಕಳಿಗೇ ಹೋಗಬೇಕೆಂದರೆ 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯಡಿ ಪಾಲಿಸಿ ಮಾಡಿಸುವ ದಾರಿ ಇದೆ, ಪಾಲಿಸಿ ತೆಗೆದುಕೊಳ್ಳುವ ದಿನವೇ ಅದಕ್ಕೆ ಬರೆಯಬೇಕು. ಸಾಲದಲ್ಲೇ ತೋಟ ನಡೆಸುವ ಜಿಲ್ಲೆಯಲ್ಲಿ ನಾವು ಏಜೆಂಟರು ಇದನ್ನು ಹೇಳಿದ್ದು ತೀರಾ ಕಡಿಮೆ.

ಮರೆತುಹೋಗುವ ಸಣ್ಣ ದುಡ್ಡೂ ಇದೆ. ಊರಿನ ಬ್ಯಾಂಕ್ ಖಾತೆಯಿಂದ ಮೇ ಕೊನೆಯಲ್ಲಿ 436 ರೂಪಾಯಿ ಕಡಿತವಾಗಿದೆಯೇ ಎಂದು ಪಾಸ್‌ಬುಕ್ ತಿರುವಿ ನೋಡಿ. ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ, ಯಾವ ಕಾರಣಕ್ಕೆ ಸತ್ತರೂ 2 ಲಕ್ಷ. 20 ರೂಪಾಯಿ ಕಡಿತವಾಗಿದ್ದರೆ ಅದು ಸುರಕ್ಷಾ ಬಿಮಾ, ಅಪಘಾತದ ಸಾವಿಗೆ 2 ಲಕ್ಷ. ಎರಡಕ್ಕೂ ಆ ಬ್ಯಾಂಕಿನಲ್ಲೇ ಅರ್ಜಿ. ಹತ್ತನೇ ತರಗತಿ ದಾಟದೆ ಎಮಿಗ್ರೇಷನ್ ಕ್ಲಿಯರೆನ್ಸ್ ಪಡೆದು ಗಲ್ಫಿಗೆ ಹೋದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. 275 ರೂಪಾಯಿಗೆ ಎರಡು ವರ್ಷ, 375ಕ್ಕೆ ಮೂರು ವರ್ಷ, ಅಪಘಾತದ ಸಾವಿಗೆ 10 ಲಕ್ಷ. ವೀಸಾ ಏಜೆಂಟ್ ಮಾಡಿಸಿ ಕಾಗದವನ್ನು ಫೈಲಿನಲ್ಲಿ ಸೇರಿಸಿರುತ್ತಾನೆ, ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ನಿದ್ದೆಯಲ್ಲಿ ಹೃದಯ ನಿಂತವನಿಗೆ ಇದು ಸಿಗುವುದಿಲ್ಲ. ಕಟ್ಟಡದಿಂದ ಬಿದ್ದವನಿಗೆ, ರಸ್ತೆಯಲ್ಲಿ ಹೋದವನಿಗೆ ಸಿಗುತ್ತದೆ.

ಅರ್ಜಿ ಕೊಟ್ಟ ಮೇಲೆ ಎಷ್ಟು ದಿನ? ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2024ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಸುತ್ತೋಲೆಯಂತೆ ತನಿಖೆ ಬೇಡದ ಮರಣ ಕ್ಲೈಮಿಗೆ 15 ದಿನ, ತನಿಖೆ ಬೇಕಾದದ್ದಕ್ಕೆ 45 ದಿನ. ಕಾಗದದ ಮೇಲೆ ಸೊಗಸಾಗಿದೆ. ಮಸ್ಕತ್ತಿನ ಆಸ್ಪತ್ರೆಯ ದಾಖಲೆ ತನ್ನಿ ಎಂದ ಮೇಲೆ ಆ 45 ದಿನ ಹೇಗೆ ಕಳೆದುಹೋಗುತ್ತದೆಂದು ನನಗೂ ಗೊತ್ತು, ಶಾಖೆಯವರಿಗೂ ಗೊತ್ತು. ನಿಯಮ ಬರೆದವರು ಸಾವು, ಹೆಂಡತಿ, ಕಂಪನಿ ಮೂರೂ ಒಂದೇ ಊರಿನಲ್ಲಿವೆ ಎಂದುಕೊಂಡಂತಿದೆ. ಹಾಗಾಗಿ ಕಾಗದಗಳೆಲ್ಲ ಸೇರಲಿ ಎಂದು ಕಾಯದೆ, ಸಾವಿನ ಸುದ್ದಿಯನ್ನು ಮೊದಲು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಇಮೇಲ್ ಆದರೂ ಸರಿ. ಇದ್ದತ್ತಿನಲ್ಲಿರುವ, ಸೂತಕದಲ್ಲಿರುವ ಹೆಂಡತಿ ಇದಕ್ಕಾಗಿ ಮನೆ ಬಿಟ್ಟು ಬರಬೇಕಿಲ್ಲ, ಸಹಿ ಮಾಡಿ ತಮ್ಮನ ಕೈಯಲ್ಲಿ ಕಳಿಸಿದರೆ ಸಾಕು. ತಡವಾಗಿ ತಿಳಿಸಿದರೆಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೈಮನ್ನು ಯಾಂತ್ರಿಕವಾಗಿ ತಳ್ಳಬಾರದೆಂದು ಪ್ರಾಧಿಕಾರ 2011ರಲ್ಲೇ ಕಂಪನಿಗಳಿಗೆ ಬರೆದಿದೆ.

ತಿರಸ್ಕಾರದ ಪತ್ರ ಬಂದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ವಿಮೆಯ ದೂರು ಕೇಳಿ ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್. 50 ಲಕ್ಷದವರೆಗಿನ ವಿವಾದ ಅಲ್ಲಿ ನಡೆಯುತ್ತದೆ, ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ, ಒಂದು ವರ್ಷದೊಳಗೆ ಹೋಗಬೇಕು. ಇನ್ನೊಂದು ದಾರಿ ಗ್ರಾಹಕರ ಆಯೋಗ. 2019ರ ಕಾಯ್ದೆ ಬಂದ ಮೇಲೆ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂದರೆ ಮಡಿಕೇರಿಯಲ್ಲಿ. ಅಲ್ಲಿ ಗಡುವು ಎರಡು ವರ್ಷ.

ಅಕ್ಕನ ಗಂಡನ ಪಾಲಿಸಿಗೆ ಏಳು ವರ್ಷವಾಗಿತ್ತು, ಒಮ್ಮೆಯೂ ಲ್ಯಾಪ್ಸ್ ಆಗಿರಲಿಲ್ಲ, ನಾಮಿನಿ ಅಕ್ಕನೇ. ಆ ಮಟ್ಟಿಗೆ ಅದೃಷ್ಟ. ಕವರಿನಲ್ಲಿದ್ದ ಅರಬ್ಬಿ ಹಾಳೆ ಮರಣ ಪತ್ರವಲ್ಲ, ಆಸ್ಪತ್ರೆ ಕೊಟ್ಟ ಸೂಚನಾ ಪತ್ರ. ಅದನ್ನೇ ಮರಣ ಪತ್ರವೆಂದುಕೊಂಡು ಎಲ್ಲರೂ ನಾಲ್ಕು ತಿಂಗಳು ಸುಮ್ಮನಿದ್ದರು. ರೂಮಿನಲ್ಲಿದ್ದ ಮಂಜೇಶ್ವರದ ಹುಡುಗ ಇನ್ನೂ ಮಸ್ಕತ್ತಿನಲ್ಲೇ ಇದ್ದ. ಎರಡು ಶುಕ್ರವಾರ ವಾಟ್ಸಾಪಿನಲ್ಲಿ ಮಾತಾಡಿದ ಮೇಲೆ ಒಂದು ದಿನ ರಜೆ ಹಾಕಿ ಓಡಾಡಿದ. ಮರಣ ಪತ್ರ, ಅನುವಾದ, ಅಪೋಸ್ಟಿಲ್, ರಾಯಭಾರ ಕಚೇರಿಯ ನೋಂದಣಿ, ಎಲ್ಲವೂ ಮೊನ್ನೆ ಊರಿಗೆ ಬಂದವರೊಬ್ಬರ ಕೈಯಲ್ಲಿ ಬಂತು. ಹೆಸರು ಪಾಸ್‌ಪೋರ್ಟಿನಂತೆಯೇ ಇದೆ. ಬಾಂಡಿನಲ್ಲಿರುವುದಕ್ಕೂ ಅದಕ್ಕೂ ಒಂದು ಅಕ್ಷರ ವ್ಯತ್ಯಾಸ. ಸೋಮವಾರ ನೋಟರಿ ಹತ್ತಿರ ಹೋಗುವುದೆಂದು ಮಾತಾಗಿದೆ, ಮಳೆ ಬಿಟ್ಟರೆ.